ಮತದಾನದ ಪ್ರಮಾಣವು ಪ್ರಮಾಣವೇ?

'ಪ್ರಮಾಣ' ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳು ರೂಢವಾಗಿವೆ. ಅಳತೆ ಎಂಬುದೊಂದು, ಯಥಾರ್ಥಜ್ಞಾನಕ್ಕೆ ಸಾಧನವಾದದ್ದು ಎಂಬುದಿನ್ನೊಂದು. ಮೊದಲನೆಯದು ವ್ಯಾಪಾರಿಗೂ ವೈದ್ಯನಿಗೂ ದಿನನಿತ್ಯ ಬೇಕಾದದ್ದು; ಎರಡನೆಯದು ತರ್ಕಶಾಸ್ತ್ರಕ್ಕೆ ಸಂಬಂಧಿಸಿದ್ದು. ಚುನಾವಣೆಯ ಕಾಲದಲ್ಲಿ ಹೊರಡುವ ಬರಹಗಳಲ್ಲಿ 'ಮತದಾನದ ಪ್ರಮಾಣ' ಎಂಬ ಮಾತು ಮೊದಲನೆಯ ಅರ್ಥದಲ್ಲಿ ಹೊರಟು, ಎರಡು ವಾಕ್ಯ ಕಳೆಯುವಷ್ಟರಲ್ಲಿ ಎರಡನೆಯ ಅರ್ಥವನ್ನು ತಾಳಿಬಿಡುತ್ತದೆ. ನೂರಕ್ಕೆ ಇಷ್ಟು ಮಂದಿ ಮತ ಕೊಟ್ಟರು ಎಂಬುದು ಅಳತೆ. ಆದುದರಿಂದ ಆಳುವವರಿಗೆ ಸೋಲು, ಅಥವಾ ಆದುದರಿಂದ ಜನರಿಗೆ ನಿರಾಸಕ್ತಿ ಎಂಬುದು ನಿರ್ಣಯ. ಇವೆರಡರ ನಡುವೆ ಇರತಕ್ಕ ಹೇತು ಎಲ್ಲಿ ಹೋಯಿತು ಎಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸಾಹಿತ್ಯಪತ್ರಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯೆಲ್ಲಿ ಎಂದು ಕೆಲವರು ಶಂಕಿಸಬಹುದು. ಸಮಾಧಾನವಿಷ್ಟೆ: ಈಗ ಕನ್ನಡಿಗರು ಹೆಚ್ಚಾಗಿ ಓದುವ ಗದ್ಯಪ್ರಕಾರಗಳಲ್ಲಿ ಚುನಾವಣೆಯ ಫಲವಿಚಾರವೂ ಒಂದು. ಅದಕ್ಕೂ ವಸ್ತುವುಂಟು, ರೀತಿಯುಂಟು, ಅಲಂಕಾರಗಳುಂಟು. ಗುಣವೂ ದೋಷವೂ ಉಂಟು. ಪದ್ಯವೊಂದರಲ್ಲಿ ಯತಿ ತಪ್ಪಿದರೆ ನಾವು ಪುಟಗಟ್ಟಲೆ ಚರ್ಚಿಸುತ್ತೇವೆ. ಲಕ್ಷಾಂತರ ಜನರ ಶೀಲದ ಮೇಲೆ ತೀರ್ಪು ಕೊಡುವ ಗದ್ಯದಲ್ಲಿ ಹೇತು ತಪ್ಪಿದಾಗ ಸುಮ್ಮನಿರುವುದು ವಿಮರ್ಶಕನಿಗೆ ಯೋಗ್ಯವಲ್ಲ. ಈ ಬರಹಗಳಲ್ಲಿ ಗುಣವೇ ಇಲ್ಲವೆಂದು ನಾವು ಹೇಳುವುದಿಲ್ಲ. ಕ್ಷೇತ್ರದ ಹಿಂದಿನ ಚರಿತ್ರೆ, ಉಮೇದುವಾರರ ಬಲಾಬಲ, ಪಕ್ಷಗಳ ಮೈತ್ರಿ ಮುಂತಾದುವನ್ನು ಅವು ಸಾಮಾನ್ಯ ಓದುಗನಿಗೆ ತಿಳಿಯುವಂತೆ ಹೇಳುತ್ತವೆ. ಅದು ದೊಡ್ಡ ಉಪಕಾರ. ದೋಷವಿರುವುದು ಶೇಕಡಾವಾರಿನ ಅಂಕೆಯನ್ನು ಓದುವ ಕ್ರಮದಲ್ಲಿ.

೧

ಪ್ರಚಲಿತವಾದ ಸೂತ್ರವಿದು: ಮತದಾನ ಏರಿದರೆ ಆಳುವವರು ಬೀಳುತ್ತಾರೆ, ಇಳಿದರೆ ಉಳಿಯುತ್ತಾರೆ. ವ್ಯಾಪ್ತಿಯನ್ನು ಪರೀಕ್ಷಿಸುವುದಕ್ಕೆ ನಮ್ಮ ಹಿರಿಯರು ಅನ್ವಯ ವ್ಯತಿರೇಕಗಳೆಂಬ ಎರಡು ಒರೆಗಲ್ಲುಗಳನ್ನು ಕೊಟ್ಟಿದ್ದಾರೆ. ಹೊಗೆಯಿದ್ದಲ್ಲಿ ಬೆಂಕಿಯಿರಬೇಕು, ಬೆಂಕಿಯಿಲ್ಲದಲ್ಲಿ ಹೊಗೆಯಿರಕೂಡದು. ಒಂದು ಕಡೆ ತಪ್ಪಿದರೂ ಹೇತುವು ವ್ಯಭಿಚಾರಿಯಾಗುತ್ತದೆ. ಲೋಕಸಭೆಯ ಚುನಾವಣೆಗಳನ್ನೇ ಈ ಕಲ್ಲಿಗೆ ಉಜ್ಜಿ ನೋಡೋಣ.

೧೯೭೭ರಲ್ಲಿ ದೇಶದ ಮತದಾನ ಶೇಕಡಾ ೫೫ರಿಂದ ೬೦ಕ್ಕೆ ಏರಿತು. ಆಳುತ್ತಿದ್ದ ಕಾಂಗ್ರೆಸ್ ೧೫೪ ಸ್ಥಾನಗಳಿಗೆ ಇಳಿದು ಅಧಿಕಾರ ಬಿಟ್ಟಿತು. ಸೂತ್ರ ನಿಜವಾಯಿತೆನ್ನೋಣ. ಆದರೆ ೧೯೮೦ರಲ್ಲಿ ಮತದಾನ ೫೭ಕ್ಕೆ ಇಳಿಯಿತು. ಆಗಲೂ ಆಳುತ್ತಿದ್ದವರೇ ಬಿದ್ದರು. ೧೯೮೪ರಲ್ಲಿ ೬೪ರ ಸಮೀಪಕ್ಕೆ ಏರಿತು. ಆಳುವ ಪಕ್ಷವು ಬೀಳುವುದಿರಲಿ, ಅದುವರೆಗೆ ಯಾರೂ ಕಾಣದಷ್ಟು ಸ್ಥಾನಗಳನ್ನು ಗೆದ್ದಿತು. ಇನ್ನೂ ಹಿಂದೆ ೧೯೭೧ರಲ್ಲಿ ೬೧ರಿಂದ ೫೫ಕ್ಕೆ ಇಳಿದಾಗ ಇಂದಿರಾ ಗಾಂಧಿಯವರ ಪಕ್ಷಕ್ಕೆ ೩೫೨ ಸ್ಥಾನಗಳು ಬಂದುವು. ೨೦೦೪ರಲ್ಲಿ ೬೦ರಿಂದ ೫೮ಕ್ಕೆ ಇಳಿಯಿತು, ಸರ್ಕಾರ ಬದಲಾಯಿತು. ೨೦೦೯ರಲ್ಲಿ ೫೮ ಆಗಿಯೇ ಇತ್ತು, ಸರ್ಕಾರ ಉಳಿಯಿತು. ೨೦೧೪ರಲ್ಲಿ ೬೬ಕ್ಕೆ ಏರಿ ಸರ್ಕಾರ ಬಿದ್ದಿತು. ೨೦೧೯ರಲ್ಲಿ ೬೭ಕ್ಕೆ ಏರಿ ಸರ್ಕಾರ ಮತ್ತಷ್ಟು ಬಲವಾಯಿತು. ೨೦೨೪ರಲ್ಲಿ ೬೬ರ ಸಮೀಪಕ್ಕೆ ಇಳಿಯಿತು. ಸರ್ಕಾರ ಉಳಿಯಿತಾದರೂ ಆಳುವ ಪಕ್ಷದ ಸ್ವಂತ ಬಹುಮತ ಹೋಯಿತು.

ಇನ್ನೊಂದು ವಿಶೇಷ. ೧೯೭೭ರಲ್ಲಿ ಉತ್ತರಪ್ರದೇಶದಲ್ಲಿಯೂ ಬಿಹಾರದಲ್ಲಿಯೂ ಕಾಂಗ್ರೆಸ್ಸಿಗೆ ಒಂದು ಸ್ಥಾನವೂ ದೊರೆಯಲಿಲ್ಲ. ಅದೇ ವರ್ಷ ನಮ್ಮ ಕರ್ನಾಟಕದ ೨೮ ಸ್ಥಾನಗಳಲ್ಲಿ ೨೬ನ್ನು ಅದೇ ಕಾಂಗ್ರೆಸ್ ಗೆದ್ದಿತು. ಬೀದರವೂ ಶಂಕರ್ ದೇವ್ ಅವರನ್ನು ಮರಳಿ ಆರಿಸಿತು. ದೇಶಕ್ಕೆಲ್ಲ ಒಂದೇ ಅಂಕೆ ಕೊಟ್ಟು ಅದರಿಂದ ಒಂದೇ ಅರ್ಥ ತೆಗೆದವನು ಉತ್ತರದ ಕೋಪವನ್ನೂ ದಕ್ಷಿಣದ ಒಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿದಂತಾಯಿತು. ಹೀಗೆ ಏರಿದಾಗ ಬೀಳುವುದೂ ಉಂಟು, ನಿಲ್ಲುವುದೂ ಉಂಟು. ಇಳಿದಾಗ ನಿಲ್ಲುವುದೂ ಉಂಟು, ಬೀಳುವುದೂ ಉಂಟು. ನೈಯಾಯಿಕರು ಇದನ್ನೇ ಅನೈಕಾಂತಿಕ ಹೇತ್ವಾಭಾಸವೆಂದು ಕರೆಯುತ್ತಾರೆ. ಜನರಾಡುವ ಮಾತಿನಲ್ಲಿ ಹೇಳುವುದಾದರೆ, ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಷ್ಟೆ.

೨

ಸೂತ್ರ ತಪ್ಪಾಗಲು ಕಾರಣವೇನು? ಶೇಕಡಾವಾರು ಎಂಬುದು ಒಂದು ಸಂಖ್ಯೆಯಲ್ಲ. ಎರಡು ಸಂಖ್ಯೆಗಳ ಸಂಬಂಧ. ಮೇಲೆ ಮತ ಕೊಟ್ಟವರು, ಕೆಳಗೆ ಪಟ್ಟಿಯಲ್ಲಿ ಹೆಸರಿದ್ದವರು. ಮೇಲಿನದು ಹೆಚ್ಚಿದರೂ ಅಂಕೆ ಏರೀತು, ಕೆಳಗಿನದು ಕುಗ್ಗಿದರೂ ಏರೀತು. ಇದಕ್ಕೆ ಒಳ್ಳೆಯ ನಿದರ್ಶನ ೧೯೮೯ರ ಚುನಾವಣೆ. ಆ ವರ್ಷವೇ ಮತದ ವಯಸ್ಸು ೨೧ರಿಂದ ೧೮ಕ್ಕೆ ಇಳಿಯಿತು. ಶೇಕಡಾವಾರು ೬೪ರ ಸಮೀಪದಿಂದ ೬೨ಕ್ಕೆ ಇಳಿದದ್ದನ್ನು ಮಾತ್ರ ನೋಡಿದವನಿಗೆ ಜನರ ಉತ್ಸಾಹ ಕುಂದಿದಂತೆ ತೋರುತ್ತದೆ. ವಾಸ್ತವವಾಗಿ ೧೯೮೪ರಲ್ಲಿ ಮತ ಕೊಟ್ಟವರು ಸುಮಾರು ೨೪ ಕೋಟಿ. ೧೯೮೯ರಲ್ಲಿ ೩೦ ಕೋಟಿಗೂ ಮಿಕ್ಕಿ. ಜನ ಹೆಚ್ಚಾಗಿ ಬಂದರು. ಪಟ್ಟಿ ಅದಕ್ಕಿಂತಲೂ ಹೆಚ್ಚಾಗಿ ಬೆಳೆಯಿತು. ಒಂದೇ ಸಂಗತಿಯನ್ನು ಶೇಕಡಾವಾರು 'ಇಳಿಯಿತು' ಎನ್ನುತ್ತದೆ, ತಲೆಯೆಣಿಕೆ 'ಏರಿತು' ಎನ್ನುತ್ತದೆ.

ಪಟ್ಟಿಯಲ್ಲಿಯೇ ಇಲ್ಲದವರ ಮಾತು ಬೇರೆ. ೧೯೫೧-೫೨ರ ಮೊದಲನೆಯ ಮಹಾಚುನಾವಣೆಗೆ ಪಟ್ಟಿ ಸಿದ್ಧವಾದಾಗ, ಮುಖ್ಯವಾಗಿ ಉತ್ತರದ ಪ್ರಾಂತಗಳಲ್ಲಿ, ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಹೆಸರಿಲ್ಲದ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು ೨೮ ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಅವರು ಮತ ಕೊಟ್ಟವರಲ್ಲಿಯೂ ಸೇರಲಿಲ್ಲ, ಮತ ಕೊಡದವರಲ್ಲಿಯೂ ಸೇರಲಿಲ್ಲ. ಶೇಕಡಾವಾರಿಗೆ ಅವರು ಇಲ್ಲವೇ ಇಲ್ಲ. ಗೈರುಹಾಜರಿ ಬರೆಯುವುದಕ್ಕೂ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕಷ್ಟೆ. ಆ ಹೆಸರು ಹೇಳದ ತಾಯಂದಿರ ಮೊಮ್ಮಕ್ಕಳು ಪಡೆದ ಮುನ್ನಡೆಯನ್ನೂ ಇಲ್ಲಿಯೇ ಹೇಳಬೇಕು. ೧೯೬೨ರಲ್ಲಿ ಪುರುಷರಲ್ಲಿ ನೂರಕ್ಕೆ ೬೩ ಮಂದಿಯೂ ಸ್ತ್ರೀಯರಲ್ಲಿ ನೂರಕ್ಕೆ ೪೭ ಮಂದಿಯೂ ಮತ ಕೊಟ್ಟಿದ್ದರು. ೨೦೧೯ರಲ್ಲಿ ಸ್ತ್ರೀಯರು ಪುರುಷರನ್ನು ಕೂದಲೆಳೆಯಷ್ಟು ಮೀರಿದರು, ೨೦೨೪ರಲ್ಲಿಯೂ ಹಾಗೆಯೇ. ಒಟ್ಟು ಅಂಕೆ ಹೆಚ್ಚು ಕದಲದ ವರ್ಷಗಳಲ್ಲಿಯೂ ಒಳಗೆ ಇಷ್ಟು ದೊಡ್ಡ ಸ್ಥಾನಾಂತರ ನಡೆಯುತ್ತಿತ್ತು. ಒಟ್ಟು ಅಂಕೆ ಅದನ್ನು ಹೇಳಲಾರದು.

ಆದುದರಿಂದ ನಮ್ಮ ಮತ ಹೀಗೆ: ಫಲವನ್ನು ನಿರ್ಣಯಿಸುವುದು ಎಷ್ಟು ಮಂದಿ ಬಂದರೆಂಬುದಲ್ಲ, ಬಂದವರಲ್ಲಿ ಯಾರು ಹೆಚ್ಚಿದರು, ಯಾರು ಕಡಿಮೆಯಾದರು ಎಂಬ ಅಸಮತೆ. ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಪಟ್ಟಿಯಲ್ಲಿ ೧೦೦೦ ಹೆಸರು. ೬೦೦ ಮಂದಿ ಬಂದರು. ಒಬ್ಬನಿಗೆ ೩೨೦, ಇನ್ನೊಬ್ಬನಿಗೆ ೨೮೦. ಮುಂದಿನ ಸಲ ಇನ್ನೂ ೬೦ ಮಂದಿ ಬಂದು, ಅದೇ ಅನುಪಾತದಲ್ಲಿ ೩೨ ಮತ್ತು ೨೮ ಆಗಿ ಹಂಚಿಹೋದರೆ ಶೇಕಡಾವಾರು ಏರಿತು, ಗೆದ್ದವನು ಬದಲಾಗಲಿಲ್ಲ. ಹಾಗಲ್ಲದೆ, ಮೊದಲನೆಯವನ ಕಡೆಯ ೫೦ ಮಂದಿ ಬೇಸತ್ತು ಮನೆಯಲ್ಲಿ ಉಳಿದು, ಎರಡನೆಯವನ ಕಡೆಗೆ ಹೊಸದಾಗಿ ೫೦ ಮಂದಿ ಬಂದರೆನ್ನೋಣ. ಆಗ ಒಬ್ಬನಿಗೆ ೨೭೦, ಇನ್ನೊಬ್ಬನಿಗೆ ೩೩೦. ಬಂದವರು ಹಿಂದಿನಂತೆ ೬೦೦. ಫಲ ಮಾತ್ರ ತಲೆಕೆಳಗು. ಒಬ್ಬನೇ ಒಬ್ಬನು ಮನಸ್ಸು ಬದಲಾಯಿಸದೆಯೂ ಇದು ಸಾಧ್ಯ. ಕದಲದ ಅಂಕೆಯ ಹಿಂದೆ ಊರೇ ಕದಲಿರಬಹುದು.

೩

ಇದು ಕಲ್ಪನೆಯ ಊರಾಯಿತು. ನಮ್ಮ ಬೀದರ ಲೋಕಸಭಾ ಕ್ಷೇತ್ರದ ಮೂರು ಚುನಾವಣೆಗಳು ಇದೇ ತತ್ತ್ವವನ್ನು ನಿಜವಾದ ಅಂಕೆಗಳಲ್ಲಿ ತೋರಿಸುತ್ತವೆ. ಜಿಲ್ಲೆಯ ಬೀದರ, ಬೀದರ ದಕ್ಷಿಣ, ಭಾಲ್ಕಿ, ಔರಾದ, ಹುಮನಾಬಾದ, ಬಸವಕಲ್ಯಾಣಗಳೂ ಕಲಬುರಗಿ ಜಿಲ್ಲೆಯ ಆಳಂದ, ಚಿಂಚೋಳಿಗಳೂ ಸೇರಿದ ಎಂಟು ವಿಧಾನಸಭಾ ಕ್ಷೇತ್ರಗಳ ಸಮುದಾಯವಿದು.

೨೦೧೪ರಲ್ಲಿ ಇಲ್ಲಿ ಮತದಾನ ಶೇಕಡಾ ೬೦ರ ಆಸುಪಾಸಿನಲ್ಲಿತ್ತು. ಭಾರತೀಯ ಜನತಾ ಪಕ್ಷದ ಭಗವಂತ ಖೂಬಾ ಅವರಿಗೆ ೪,೫೯,೨೯೦ ಮತಗಳು. ಕಾಂಗ್ರೆಸ್ಸಿನ ಧರ್ಮಸಿಂಗ್ ಅವರಿಗೆ ೩,೬೭,೦೬೮. ೨೦೧೯ರಲ್ಲಿ ಮತದಾನ ೬೩ರ ಸಮೀಪಕ್ಕೆ ಬಂದಿತು. ಖೂಬಾ ಅವರಿಗೆ ೫,೮೫,೪೭೧. ಭಾಲ್ಕಿಯ ಈಶ್ವರ ಖಂಡ್ರೆಯವರಿಗೆ ೪,೬೮,೬೩೭. ೨೦೨೪ರಲ್ಲಿ ಮತದಾನ ೬೫ನ್ನು ದಾಟಿತು. ಈಶ್ವರ ಖಂಡ್ರೆಯವರ ಪುತ್ರರಾದ ಸಾಗರ ಖಂಡ್ರೆಯವರಿಗೆ ೬,೬೬,೩೧೭; ಖೂಬಾ ಅವರಿಗೆ ೫,೩೭,೪೪೨.

ಎರಡು ಸಲವೂ ಏರಿಕೆ ಹೆಚ್ಚುಕಡಿಮೆ ಒಂದೇ ಅಳತೆಯದು. ಆದರೆ ೨೦೧೯ರಲ್ಲಿ ಎರಡು ಪಕ್ಷಗಳ ರಾಶಿಗಳೂ ಒಟ್ಟಿಗೆ ಬೆಳೆದುವು: ಒಂದಕ್ಕೆ ೧,೨೬,೧೮೧, ಇನ್ನೊಂದಕ್ಕೆ ೧,೦೧,೫೬೯. ಆದಕಾರಣ ಗೆಲವಿನ ಅಂತರ ೯೨,೨೨೨ರಿಂದ ೧,೧೬,೮೩೪ಕ್ಕೆ ಹಿಗ್ಗಿತೇ ಹೊರತು ಗೆದ್ದ ಪಕ್ಷ ಬದಲಾಗಲಿಲ್ಲ. ೨೦೨೪ರಲ್ಲಿ ಒಂದು ರಾಶಿ ೧,೯೭,೬೮೦ರಷ್ಟು ಬೆಳೆಯಿತು. ಇನ್ನೊಂದು ೪೮,೦೨೯ರಷ್ಟು ಕುಗ್ಗಿತು. ಫಲ ಮಗುಚಿ, ಅಂತರ ಆ ಕಡೆಗೆ ೧,೨೮,೮೭೫ ಆಯಿತು. ಮಳೆಯ ಅಳತೆ ಎರಡು ವರ್ಷವೂ ಒಂದೇ. ಆದರೆ ಒಂದು ವರ್ಷ ಎರಡು ಹೊಲಕ್ಕೂ ಬಿದ್ದಿತು, ಇನ್ನೊಂದು ವರ್ಷ ಒಂದೇ ಹೊಲಕ್ಕೆ.

'ಮತದಾರರು ಕೈಬಿಟ್ಟರು' ಎಂಬುದು ಸೋತವರ ವಿಷಯದಲ್ಲಿ ಬರೆಯುವ ರೂಢಿಯ ಮಾತು. ಲೆಕ್ಕ ನೋಡಿದರೆ ಖೂಬಾ ಅವರ ರಾಶಿ ಕರಗಿದ್ದು ನೂರಕ್ಕೆ ಎಂಟರಷ್ಟು. ಕರಗಿದ ಆ ೪೮,೦೨೯ ಮತಗಳೆಲ್ಲವೂ ಎದುರಾಳಿಗೇ ಹೋಗಿ, ಬೇರೆ ಯಾವ ಮತವೂ ಕೂಡಿರದಿದ್ದರೆ ಕಾಂಗ್ರೆಸ್ಸಿನ ರಾಶಿ ೫,೧೬,೬೬೬ ಆಗುತ್ತಿತ್ತು. ಖೂಬಾ ಅವರೇ ೨೦,೭೭೬ ಮತಗಳಿಂದ ಗೆದ್ದಿರುತ್ತಿದ್ದರು. ಎಂದಮೇಲೆ ಉಳಿದ ಸುಮಾರು ಒಂದೂವರೆ ಲಕ್ಷ ಮತಗಳು ಆ ಎರಡು ರಾಶಿಗಳ ಹೊರಗಿನಿಂದ ಬಂದಿರಬೇಕು. ೨೦೧೯ರಲ್ಲಿ ಇತರ ಉಮೇದುವಾರರಿಗೂ ನೋಟಾಕ್ಕೂ ಬಿದ್ದಿದ್ದ ಮತಗಳೆಲ್ಲ ಕೂಡಿದರೂ ಇಷ್ಟಾಗುವುದಿಲ್ಲ. ಹೆಚ್ಚಿನ ಪಾಲು ಹಿಂದಿನ ಸಲ ಮತಗಟ್ಟೆಗೆ ಬಾರದವರದು, ಅಥವಾ ಪಟ್ಟಿಗೆ ಹೊಸದಾಗಿ ಸೇರಿದವರದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮತವು ಗುಪ್ತವಾದದ್ದು, ಪೆಟ್ಟಿಗೆ ಹೇಳುವುದು ನಿವ್ವಳವನ್ನು ಮಾತ್ರ. ಹಳಬರು ಬಹಳ ಮಂದಿ ಆಚೆಗೆ ದಾಟಿ, ಹೊಸಬರು ಅನೇಕರು ಈಚೆಗೆ ಬಂದಿದ್ದರೂ ಇದೇ ಅಂಕೆಗಳೇ ಕಾಣುತ್ತಿದ್ದುವು. ಹೊಳೆಯನ್ನು ದಾಟಿದ ದೋಣಿಗಳನ್ನು ನಾವು ಕಂಡಿಲ್ಲ. ಎರಡು ದಡಗಳ ಜನರನ್ನು ಎಣಿಸಿದ್ದೇವೆ, ಅಷ್ಟೆ. ಆದುದರಿಂದ 'ಹೊಸ ಮತದಾರರೇ ಗೆಲ್ಲಿಸಿದರು' ಎಂದು ಸಾಧಿಸುವುದೂ ಅತಿವ್ಯಾಪ್ತಿಯೇ. ಕೇವಲ ಕೈಬಿಟ್ಟವರ ಲೆಕ್ಕದಿಂದ ಈ ಫಲ ಹೊಂದುವುದಿಲ್ಲ, ಹೆಚ್ಚಾಗಿ ಬಂದವರನ್ನು ಬಿಟ್ಟು ಇದನ್ನು ವಿವರಿಸುವಂತಿಲ್ಲ, ಎಂಬಷ್ಟನ್ನು ನಿಸ್ಸಂದೇಹವಾಗಿ ಹೇಳಬಹುದು. ಪಕ್ಷಗಳ ಕೂಡಿಕೆ ಕಳೆಯುವಿಕೆಯೂ ಇಲ್ಲಿ ಕೈಕೊಟ್ಟಿದೆ. ಜನತಾದಳವು ೨೦೧೯ರಲ್ಲಿ ಕಾಂಗ್ರೆಸ್ಸಿನ ಜೊತೆಗಿತ್ತು, ೨೦೨೪ರಲ್ಲಿ ಎದುರಿಗಿತ್ತು. ೨೦೨೩ರ ವಿಧಾನಸಭಾ ಚುನಾವಣೆಯಲ್ಲಿ ಈ ಎಂಟು ಕ್ಷೇತ್ರಗಳ ಪೈಕಿ ಐದನ್ನು ಭಾರತೀಯ ಜನತಾ ಪಕ್ಷವೇ ಗೆದ್ದಿತ್ತು. ಕಾಗದದ ಮೇಲಿನ ಲೆಕ್ಕ ಒಂದು ಕಡೆಗೆ ಇತ್ತು; ಮತಗಟ್ಟೆಗೆ ನಡೆದುಬಂದ ಕಾಲುಗಳು ಇನ್ನೊಂದು ಕಡೆಗೆ ಒಯ್ದುವು.

ಒಂದು ಕ್ಷೇತ್ರದ ಈ ಕತೆ ದೇಶದ ಫಲಕ್ಕೆ ಹೇಗೆ ಸಂಬಂಧಿಸಿತು? ೨೦೧೯ರಿಂದ ೨೦೨೪ಕ್ಕೆ ಭಾರತೀಯ ಜನತಾ ಪಕ್ಷದ ಮತದ ಪಾಲು ದೇಶದಲ್ಲಿ ಶೇಕಡಾ ೩೭.೪ರಿಂದ ೩೬.೬ಕ್ಕೆ ಇಳಿಯಿತು. ಒಂದಂಶವೂ ಪೂರ್ತಿಯಾಗಿ ಇಳಿಯಲಿಲ್ಲ. ಸ್ಥಾನಗಳು ಮಾತ್ರ ೩೦೩ರಿಂದ ೨೪೦ಕ್ಕೆ ಬಂದುವು. ಕಾಂಗ್ರೆಸ್ ೫೨ರಿಂದ ೯೯ಕ್ಕೆ ಹೋಯಿತು. ಒಂದು ರಾಜ್ಯದಲ್ಲಿ ಕೂಡಿದ್ದು ಇನ್ನೊಂದು ರಾಜ್ಯದಲ್ಲಿ ಕಳೆದುದನ್ನು ಮೊತ್ತದಲ್ಲಿ ಮುಚ್ಚಿತು. ಸ್ಥಾನಗಳ ಲೆಕ್ಕದಲ್ಲಿ ಮುಚ್ಚಲಾರದೆ ಹೋಯಿತು. ಗೆಲವು ನಿರ್ಣಯವಾಗುವುದು ಕ್ಷೇತ್ರ ಕ್ಷೇತ್ರದಲ್ಲಿ, ದೇಶದ ಸರಾಸರಿಯಲ್ಲಲ್ಲ. ಕರ್ನಾಟಕದಲ್ಲಿ ಆ ಪಕ್ಷ ೨೫ರಿಂದ ೧೭ಕ್ಕೆ ಇಳಿಯಿತು. ನಮ್ಮ ಕಲ್ಯಾಣ ಕರ್ನಾಟಕದ ಬೀದರ, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಐದೂ ಕಾಂಗ್ರೆಸ್ಸಿಗೆ ಹೋದುವು. ಒಂದು ಪಕ್ಷದ ಸ್ವಂತ ಬಹುಮತ ತಪ್ಪಿ ಮೈತ್ರಿಯ ಸರ್ಕಾರ ಬಂದುದರಲ್ಲಿ ಬೀದರದ ಈ ಒಂದೂವರೆ ಲಕ್ಷಕ್ಕೂ ಅಳಿಲಿನ ಪಾಲು ಉಂಟು.

೪

ಇನ್ನು ರೀತಿಯ ವಿಚಾರ. ಈ ಗದ್ಯದಲ್ಲಿ ಎರಡು ಶಬ್ದಗಳು ಪದೇ ಪದೇ ಬರುತ್ತವೆ: ಏರಿದಾಗ 'ಅಲೆ', ಇಳಿದಾಗ 'ನಿರಾಸಕ್ತಿ'. ಮೊದಲನೆಯದು ರೂಪಕ. ರೂಪಕಕ್ಕೆ ನಮ್ಮ ಆಕ್ಷೇಪವಿಲ್ಲ. ರೂಪಕವನ್ನು ಕಾರಣವೆಂದು ಭ್ರಮಿಸುವುದಕ್ಕೆ ಆಕ್ಷೇಪ. 'ಅಲೆಯಿದ್ದುದರಿಂದ ಗೆದ್ದರು' ಎಂದರೆ 'ಗೆದ್ದುದರಿಂದ ಗೆದ್ದರು' ಎಂದಷ್ಟೇ ಅರ್ಥ. ಕಡಲು ಕಾಣದ ನಮ್ಮ ಸೀಮೆಗೆ ಮಾಂಜ್ರಾ ನದಿಯ ನೆರೆಯೇ ತಕ್ಕ ಉಪಮಾನವಾದೀತು. ನೆರೆ ಎಷ್ಟು ಅಡಿ ಏರಿತೆಂದು ಕಂಬದ ಗೆರೆ ಹೇಳುತ್ತದೆ. ಯಾವ ಹಳ್ಳದ ನೀರು ಎಷ್ಟು ಸೇರಿತೆಂದು ಹೇಳುವುದಿಲ್ಲ.

'ನಿರಾಸಕ್ತಿ' ಎಂಬುದು ಇದಕ್ಕಿಂತ ಗುರುತರವಾದ ದೋಷ, ಏಕೆಂದರೆ ಅದು ಅಪವಾದ. ಔರಾದ, ಭಾಲ್ಕಿ ತಾಲ್ಲೂಕುಗಳ ಅನೇಕ ಊರುಗಳಿಂದ ಕೂಲಿಯ ಜನ ಹೈದರಾಬಾದಿಗೆ, ಪುಣೆಗೆ, ಮುಂಬಯಿಗೆ ಗುಳೆ ಹೋಗುವುದು ಎಲ್ಲರಿಗೂ ತಿಳಿದ ಸಂಗತಿ. ಅವರ ಹೆಸರು ಊರಿನ ಪಟ್ಟಿಯಲ್ಲಿ, ಹೊಟ್ಟೆ ಪರಸ್ಥಳದಲ್ಲಿ. ೨೦೨೪ರಲ್ಲಿ ಬೀದರದ ಮತದಾನ ಮೇ ೭ರಂದು. ಔರಾದದ ಗಡಿಯಾಚೆ ದೇಗಲೂರು ಸೇರಿದ ನಾಂದೇಡ ಕ್ಷೇತ್ರದಲ್ಲಿ ಅದು ಏಪ್ರಿಲ್ ೨೬ಕ್ಕೇ ಮುಗಿದಿತ್ತು, ಇನ್ನೊಂದು ಗಡಿಯಾಚೆ ನಾರಾಯಣಖೇಡ ಸೇರಿದ ಜಹೀರಾಬಾದ ಕ್ಷೇತ್ರದಲ್ಲಿ ಮೇ ೧೩ಕ್ಕೆ ಇತ್ತು, ಹೈದರಾಬಾದಿನಲ್ಲಿಯೂ ಅಂದೇ. ೧೯೫೬ರ ನವೆಂಬರ್ ೧ರವರೆಗೆ ಇವೆಲ್ಲವೂ ಹೈದರಾಬಾದ್ ಎಂಬ ಒಂದೇ ಸಂಸ್ಥಾನದಲ್ಲಿ ಸೇರಿದ್ದುವು. ಈಗ ಒಂದೇ ದೇಶದ ಒಂದೇ ಚುನಾವಣೆಗೆ ಮೂರು ದಿನಗಳು. ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿರುವ ಔರಾದದ ಗಂಡಹೆಂಡಿರು ಮೇ ೭ರ ಮತಕ್ಕಾಗಿ ಬರಬೇಕಾದರೆ, ಕೆಲಸದ ಸ್ಥಳದಲ್ಲಿ ಅಂದು ಮತದಾನವಿಲ್ಲ. ಎರಡು ದಿನದ ಕೂಲಿ ಹೋಗುತ್ತದೆ. ಬಸ್ಸಿನ ಖರ್ಚು ಬೇರೆ. ೨೦೨೩ರ ಜೂನಿನಿಂದ ಸ್ತ್ರೀಯರಿಗೆ ದೊರೆತ ಉಚಿತ ಪ್ರಯಾಣವೂ ರಾಜ್ಯದೊಳಗಿನ ಮಾತು. ಇಷ್ಟನ್ನೂ ತೆತ್ತು ಬಂದು ಬಿಸಿಲಿನಲ್ಲಿ ಸಾಲು ನಿಂತವರನ್ನು ಯಾರೂ ಹೊಗಳಲಿಲ್ಲ. ಬಾರದೆ ಉಳಿದವರನ್ನು ಮಾತ್ರ 'ನಿರಾಸಕ್ತರು' ಎಂಬ ಒಂದೇ ಶಬ್ದದಿಂದ ಹೊಡೆದುಬಿಟ್ಟರು.

ಸೈನಿಕರಿಗೆ ಅಂಚೆಯ ಮತವುಂಟು. ಚುನಾವಣೆಯ ಕೆಲಸದ ಮೇಲಿರುವ ನೌಕರರಿಗುಂಟು. ೨೦೨೪ರಲ್ಲಿ ೮೫ ವರ್ಷ ದಾಟಿದ ವೃದ್ಧರಿಗೂ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಮನೆಯಿಂದಲೇ ಮತ ಕೊಡುವ ಅನುಕೂಲ ದೊರೆಯಿತು. ಇವೆಲ್ಲವೂ ನ್ಯಾಯವಾದುವೇ. ಗುಳೆ ಹೋದ ಕೂಲಿಗೆ ಮಾತ್ರ ಇಂಥದು ಯಾವುದೂ ಇರಲಿಲ್ಲ. ದೂರದಲ್ಲಿದ್ದೇ ತಮ್ಮ ಕ್ಷೇತ್ರಕ್ಕೆ ಮತ ಕೊಡುವ ಯಂತ್ರವೊಂದನ್ನು ಚುನಾವಣಾ ಆಯೋಗವು ೨೦೨೩ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು; ಅದು ೨೦೨೪ರ ಚುನಾವಣೆಯಲ್ಲಿ ಬಳಕೆಗೆ ಬರಲಿಲ್ಲ. ದಾರಿ ಇಲ್ಲದವನನ್ನು ನಡೆಯಲಾರದವನೆಂದು ಬರೆಯುವುದು ಸತ್ಯಕ್ಕೂ ದೂರ, ದಯೆಗೂ ದೂರ. ಮನಸ್ಸಿಲ್ಲದೆ ಬಾರದವರು ಇಲ್ಲವೆಂದಲ್ಲ. ಅನುಕೂಲವೆಲ್ಲ ಇದ್ದೂ ರಜೆಯ ದಿನವೆಂದು ಮಲಗಿದವರು ನಗರಗಳಲ್ಲಿ ಬೇಕಾದಷ್ಟು ಮಂದಿಯಿದ್ದಾರೆ. ಆ ಇಬ್ಬರನ್ನೂ ಒಂದೇ ಶಬ್ದದಲ್ಲಿ ಕಟ್ಟಿಹಾಕುವ ಗದ್ಯವು ವಿವೇಕವಿಲ್ಲದ ಗದ್ಯ. ಅದರ ಫಲ ಬರಿಯ ಅಪಕೀರ್ತಿಯಲ್ಲ. ಬಾರದವರು ಆಲಸಿಗಳೆಂದು ಒಮ್ಮೆ ನಿಶ್ಚಯವಾದರೆ, ಅವರಿಗೆ ಉಪದೇಶ ಮಾಡಿದರೆ ಸಾಕು, ದಾರಿ ಮಾಡಿಕೊಡಬೇಕಾದದ್ದಿಲ್ಲ ಎಂದಾಗುತ್ತದೆ.

೫

ಹಾಗಾದರೆ ಶೇಕಡಾವಾರು ನಿರುಪಯುಕ್ತವೇ? ಅಲ್ಲ. ಪ್ರಶ್ನೆಯನ್ನು ಹುಟ್ಟಿಸುವುದಕ್ಕೆ ಅದು ಬಹಳ ಒಳ್ಳೆಯದು. ಉತ್ತರವನ್ನು ಅದರಿಂದ ನಿರೀಕ್ಷಿಸಬಾರದು. ಪಠಿಸುವ ಮುನ್ನ ಪಾಠವನ್ನು ಶುದ್ಧಪಡಿಸಿಕೊಳ್ಳಬೇಕೆಂಬ ಗ್ರಂಥಸಂಪಾದಕರ ನಿಯಮ ಇಲ್ಲಿಯೂ ಸಲ್ಲುತ್ತದೆ. ಮತದಾನದ ಸಂಜೆ ಪ್ರಕಟವಾಗುವ ಅಂಕೆ ಕರಡು ಪ್ರತಿ. ೨೦೨೪ರ ಏಪ್ರಿಲ್ ೧೯ರಂದು ನಡೆದ ಮೊದಲನೆಯ ಹಂತದ ಅಂತಿಮ ಶೇಕಡಾವಾರು ಹೊರಬಿದ್ದದ್ದು ಏಪ್ರಿಲ್ ೩೦ರಂದು. ಕರಡಿನ ಮೇಲೆ ಭಾಷ್ಯ ಬರೆಯುವ ಆತುರವೇಕೆ? ಫಲ ಪ್ರಕಟವಾದ ಮೇಲೆ ಮತಗಟ್ಟೆ ಮತಗಟ್ಟೆಯ ಲೆಕ್ಕ ದೊರೆಯುತ್ತದೆ. ಅದೇ ಮೂಲಪ್ರತಿ. ಒಂದು ಊರಿನ ಮತಗಟ್ಟೆಯಲ್ಲಿ ಎರಡು ಚುನಾವಣೆಗಳ ನಡುವೆ ಪಟ್ಟಿ ಎಷ್ಟು ಬೆಳೆಯಿತು, ಸ್ತ್ರೀಯರೆಷ್ಟು ಪುರುಷರೆಷ್ಟು ಬಂದರು, ಯಾರ ರಾಶಿ ಎಷ್ಟು ಕದಲಿತು ಎಂದು ಹೋಲಿ‌ಸಿ ಬರೆದ ಎರಡು ಪುಟ, ದೇಶಕ್ಕೆಲ್ಲ ಒಂದೇ ಮಾತಿನಲ್ಲಿ ಭವಿಷ್ಯ ಹೇಳುವ ಇಪ್ಪತ್ತು ಲೇಖನಗಳಿಗಿಂತ ಬೆಲೆಯುಳ್ಳದ್ದು.

ಈ ಕೆಲಸಕ್ಕೆ ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ಕೂಡುವುದು, ಕಳೆಯುವುದು, ಊರನ್ನು ಬಲ್ಲವರನ್ನು ವಿಚಾರಿಸುವುದು, ಇಷ್ಟು ಸಾಕು. ಬೀದರ, ಭಾಲ್ಕಿ, ಔರಾದಗಳ ತರುಣ ಲೇಖಕರು ತಮ್ಮ ತಮ್ಮ ಊರಿನ ಮತಗಟ್ಟೆಗಳ ಲೆಕ್ಕವನ್ನು ಹೀಗೆ ಪರಿಶೋಧಿಸಿ ಬರೆದರೆ, ಕನ್ನಡದ ಈ ಗದ್ಯಪ್ರಕಾರಕ್ಕೆ ಇನ್ನೂ ಒದಗದ ಶಾಸ್ತ್ರಶುದ್ಧಿ ನಮ್ಮ ಗಡಿನಾಡಿನಿಂದಲೇ ಒದಗೀತು. ಬರೆಯುವ ಮುನ್ನ 'ಎಷ್ಟು ಮಂದಿ ಬಂದರು' ಎಂಬ ಪ್ರಶ್ನೆಯ ಪಕ್ಕದಲ್ಲಿ 'ಯಾರು ಬಂದರು, ಯಾರು ಬರಲಾರದೆ ಹೋದರು' ಎಂಬ ಪ್ರಶ್ನೆಯನ್ನೂ ಇಟ್ಟುಕೊಳ್ಳಬೇಕೆಂದು ಮಾತ್ರ ನಮ್ಮ ಪ್ರಾರ್ಥನೆ. ಸಹೃದಯರಾದ ವಾಚಕರು ಇದರಲ್ಲಿ ಯುಕ್ತವಾದುದನ್ನು ಗ್ರಹಿಸಿ, ಅಯುಕ್ತವಾದುದನ್ನು ತಿದ್ದಬೇಕು. ಇತ್ಯಲಂ.